ಹೊಸ ಎಸ್‌ಎಸ್‌ಡಿ ಹಾಕಿದರೂ ಲ್ಯಾಪ್‌ಟಾಪ್ ತೋರಿಸುತ್ತಿಲ್ಲವೇ? ಮೊದಲು ಬಯೋಸ್ ನೋಡಿ

"ಸರ, ಹೊಸಾ ಎಸ್‌ಎಸ್‌ಡಿ ಹಾಕೇನ್ರಿ, ಆದ್ರ ಲ್ಯಾಪ್‌ಟಾಪ್ ತೋರಿಸವಲ್ದು. ಪೀಸ್ ಕೆಟ್ಟೈತೇನ್ರಿ?"

ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ಕಾಲೇಜು ಶುರುವಾಗುವ ಹೊತ್ತಿಗಂತೂ ಜಾಸ್ತಿ. ಅಣ್ಣನ ಹಳೇ ಲ್ಯಾಪ್‌ಟಾಪ್ ತಮ್ಮನ ಕೈಗೆ ಬಂದಿರುತ್ತದೆ. ಅದು ಆಮೆಯ ಹಾಗೆ ನಡೆಯುತ್ತಿರುತ್ತದೆ. ಎಸ್‌ಎಸ್‌ಡಿ, ಅಂದರೆ ಹಳೇ ಹಾರ್ಡ್ ಡಿಸ್ಕಿನ ಬದಲಿಗೆ ಬರುವ ವೇಗದ ಡಿಸ್ಕ್, ಹಾಕಿದರೆ ಓಡುತ್ತದೆ ಎಂದು ಯಾರೋ ಹೇಳಿರುತ್ತಾರೆ. ಅದು ನಿಜವೂ ಹೌದು. ಆನ್‌ಲೈನ್‌ನಲ್ಲಿ ತರಿಸಿ, ವಿಡಿಯೋ ನೋಡಿ, ಹುಬ್ಬಳ್ಳಿ ವಿದ್ಯಾನಗರದ ರೂಮಿನಲ್ಲೋ ಧಾರವಾಡ ಸಪ್ತಾಪುರದ ಹಾಸ್ಟೆಲ್‌ನಲ್ಲೋ ಕೂತು ಹಾಕಿಯೂ ಆಗಿರುತ್ತದೆ. ಆಮೇಲೆ ನೋಡಿದರೆ ಏನೂ ಕಾಣುವುದಿಲ್ಲ.

ನನ್ನ ಅನುಭವ ಹೇಳುತ್ತೇನೆ. "ಕೆಟ್ಟಿದೆ" ಎಂದು ನನ್ನ ಬಳಿ ತಂದವುಗಳಲ್ಲಿ ನಿಜವಾಗಿ ಕೆಟ್ಟಿದ್ದವು ಕಡಿಮೆ. ಹೆಚ್ಚಿನವು ಇನ್ನೂ ತಯಾರು ಮಾಡದ ಡಿಸ್ಕ್, ಇಲ್ಲವೇ ಆ ಲ್ಯಾಪ್‌ಟಾಪ್‌ಗೆ ಒಗ್ಗದ ಜಾತಿಯ ಡಿಸ್ಕ್. ಹಾಗಾಗಿ ವಾಪಸ್ ಕಳಿಸುವ ಮುಂಚೆ, ಯಾರಿಗೋ ದುಡ್ಡು ಕೊಟ್ಟು ವಿಂಡೋಸ್ ಹಾಕಿಸುವ ಮುಂಚೆ, ಒಂದೇ ಒಂದು ವಿಷಯ ತಿಳಿದುಕೊಳ್ಳಿ: ಡಿಸ್ಕ್ ಕಾಣದಿರುವುದು ಯಾರಿಗೆ? ವಿಂಡೋಸ್‌ಗೋ, ಲ್ಯಾಪ್‌ಟಾಪ್‌ಗೋ? ಎರಡೂ ಬೇರೆ ಬೇರೆ ರೋಗ, ಮದ್ದೂ ಬೇರೆ.

ಇಲ್ಲಿ ಹೇಳುವುದೆಲ್ಲ ವಿಂಡೋಸ್ ಲ್ಯಾಪ್‌ಟಾಪ್‌ಗಳ ಬಗ್ಗೆ. ಮ್ಯಾಕ್‌ಬುಕ್‌ಗಳ ಕಥೆ ಬೇರೆ, ಅದನ್ನು ಸೇರಿಸಿಲ್ಲ.

ಕೈಯಲ್ಲಿ ಏನಿರಬೇಕು

ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ಬೇಕು. ಅಂಗಡಿಯಲ್ಲಿ "ಪಿಎಚ್ 0" ಅಂತ ಕೇಳಿ. ಮೊಬೈಲ್ ರಿಪೇರಿ ಸೆಟ್ ಇದ್ದರೂ ನಡೆಯುತ್ತದೆ. ಕೆಳಗಿನ ಮುಚ್ಚಳ ಬಿಡಿಸಲು ಒಂದು ಹಳೇ ಎಟಿಎಂ ಕಾರ್ಡ್. ಸ್ಕ್ರೂಗಳನ್ನು ಹಾಕಿಡಲು ಒಂದು ಸ್ಟೀಲ್ ಬಟ್ಟಲು. ಜೊತೆಗೆ ಚಾರ್ಜರ್, ಒಂದು ಪೆನ್‌ಡ್ರೈವ್, ಫೋಟೋ ತೆಗೆಯಲು ಫೋನ್.

ಇನ್ನೊಂದು ಬಹಳ ಮುಖ್ಯ. ಹಳೇ ಡಿಸ್ಕಿನಲ್ಲಿ ಬೇಕಾದ ಫೈಲುಗಳಿದ್ದರೆ ಮೊದಲು ಬೇರೆ ಕಡೆ ನಕಲು ಮಾಡಿಕೊಳ್ಳಿ. ಹಾಗೇ ಬಿಟ್‌ಲಾಕರ್ ಆನ್ ಇದೆಯಾ ನೋಡಿ. ಬಿಟ್‌ಲಾಕರ್ ಅಂದರೆ ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ. ವಿಂಡೋಸ್ 11 ಇರುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಅದು ನಿಮಗೆ ಗೊತ್ತಿಲ್ಲದೇ ಆನ್ ಆಗಿರುತ್ತದೆ. ಬಯೋಸ್‌ನಲ್ಲಿ ಏನಾದರೂ ಬದಲಿಸಿದಿರೋ, ಮುಂದಿನ ಸಲ 48 ಅಂಕಿಯ ಕೀ ಕೇಳಿ ಕೂತುಬಿಡುತ್ತದೆ. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಈಗಲೇ ಫೋನಿನಲ್ಲಿ ಲಾಗಿನ್ ಆಗಿ, ತೆಗೆದು, ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ.

1. ಬಯೋಸ್‌ಗೆ ಹೋಗಿ ನೋಡಿ

ಬಯೋಸ್ ಅಂದರೆ ವಿಂಡೋಸ್ ಏಳುವುದಕ್ಕೂ ಮೊದಲು ಏಳುವ, ಲ್ಯಾಪ್‌ಟಾಪಿನ ಒಳಗೇ ಇರುವ ಚಿಕ್ಕ ಪ್ರೋಗ್ರಾಮ್. ಯಾವ ಯಾವ ಡಿಸ್ಕ್ ಜೋಡಿಸಿದೆ ಎಂದು ಮೊದಲು ಎಣಿಸುವುದು ಅದೇ.

ಲ್ಯಾಪ್‌ಟಾಪ್ ಆನ್ ಮಾಡಿದ ತಕ್ಷಣ ಕೀ ಒತ್ತುತ್ತಾ ಹೋಗಿ. ಡೆಲ್, ಏಸರ್, ಏಸಸ್‌ಗಳಲ್ಲಿ ಸಾಮಾನ್ಯವಾಗಿ ಎಫ್2. ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್10. ಲೆನೊವೊದಲ್ಲಿ ಎಫ್2, ಥಿಂಕ್‌ಪ್ಯಾಡ್ ಆದರೆ ಎಫ್1. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್ಎನ್ ಕೀಯನ್ನೂ ಜೊತೆಗೆ ಹಿಡಿಯಬೇಕು.

ಕೀ ಒತ್ತಿದರೂ ಸೀದಾ ವಿಂಡೋಸೇ ಬರುತ್ತಿದೆಯಾ? ಹಾಗಾದರೆ ವಿಂಡೋಸ್ ಒಳಗಿನಿಂದಲೇ ಹೋಗಬಹುದು. ಶಿಫ್ಟ್ ಕೀ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ. ನೀಲಿ ಪರದೆ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್ ಎಂಬ ದಾರಿ ಹಿಡಿಯಿರಿ. ಯುಇಎಫ್‌ಐ ಅಂದರೆ ಹೊಸ ಕಾಲದ ಬಯೋಸ್, ಅಷ್ಟೇ.

ಒಳಗೆ ಹೋದ ಮೇಲೆ ಎಸ್‌ಎಸ್‌ಡಿಯ ಹೆಸರು ಅಥವಾ ಅಳತೆ ಎಲ್ಲಾದರೂ ಇದೆಯಾ ಹುಡುಕಿ. ಮೇನ್, ಇನ್ಫರ್ಮೇಶನ್, ಸ್ಟೋರೇಜ್, ಸಿಸ್ಟಮ್ ಇನ್ಫರ್ಮೇಶನ್, ಹೀಗೆ ಕಂಪನಿಗೊಂದು ಹೆಸರಿನ ಪುಟ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಬಹಳ ಮಂದಿ ಬೂಟ್ ಪುಟಕ್ಕೆ ಮಾತ್ರ ಹೋಗುತ್ತಾರೆ. ಅಲ್ಲಿ ಹೊಸ ಡಿಸ್ಕಿನ ಹೆಸರಿಲ್ಲ ಎಂದು ಗಾಬರಿ ಬೀಳುತ್ತಾರೆ. ಆದರೆ ಬೂಟ್ ಪಟ್ಟಿಯಲ್ಲಿ ಬರುವುದು ವಿಂಡೋಸ್ ಅಥವಾ ಲಿನಕ್ಸ್ ಈಗಾಗಲೇ ಹಾಕಿರುವ ಡಿಸ್ಕ್. ಖಾಲಿ ಡಿಸ್ಕ್ ಅಲ್ಲಿ ಕಾಣಲೇಬೇಕು ಅಂತೇನಿಲ್ಲ. ನೀವು ನೋಡಬೇಕಾದ್ದು ಸ್ಟೋರೇಜ್ ಅಥವಾ ಮಾಹಿತಿಯ ಪುಟ.

ಅಲ್ಲಿ ಹೆಸರು ಕಂಡರೆ ನಿಮ್ಮ ಎಸ್‌ಎಸ್‌ಡಿ ಜೀವಂತ ಇದೆ, ಸರಿಯಾಗಿ ಕೂತಿದೆ, ಲ್ಯಾಪ್‌ಟಾಪ್‌ಗೆ ಒಗ್ಗಿದೆ. ಮುಚ್ಚಳ ಬಿಚ್ಚುವ ಕೆಲಸವೇ ಇಲ್ಲ. 2ನೇ ಅಥವಾ 3ನೇ ಹಂತ ನೋಡಿ. ಕಾಣದಿದ್ದರೆ ಸೀದಾ 4ಕ್ಕೆ ಹೋಗಿ. ವಿಂಡೋಸ್‌ನಲ್ಲಿ ಏನೇ ಒತ್ತಿದರೂ ಪ್ರಯೋಜನವಿಲ್ಲ.

2. ಬಯೋಸ್‌ಗೆ ಕಾಣುತ್ತದೆ, ಆದರೆ "ದಿಸ್ ಪಿಸಿ"ಯಲ್ಲಿ ಇಲ್ಲ

ಹಳೇ ಡಿಸ್ಕಿನಲ್ಲಿ ವಿಂಡೋಸ್ ಇದೆ, ಜಾಗ ಸಾಲದೆಂದು ಹೊಸದನ್ನು ಸೇರಿಸಿದ್ದೀರಿ. ಸಿ ಡ್ರೈವ್ ಮಾತ್ರ ಕಾಣುತ್ತಿದೆ. ಇದು ತಪ್ಪೇ ಅಲ್ಲ. ಕಾರ್ಖಾನೆಯಿಂದ ಬಂದ ಹೊಸ ಡಿಸ್ಕ್ ಇನ್ನೂ ಎನ್‌ಎ (ಕೃಷಿಯೇತರ ಜಮೀನು) ಆಗದ ಹೊಲದ ಹಾಗೆ. ಭೂಮಿ ಇದೆ, ಆದರೆ ಪ್ಲಾಟ್ ನಂಬರ್ ಬಿದ್ದಿಲ್ಲ. ಅದನ್ನು ನೀವೇ ಹಾಕಬೇಕು.

ವಿಂಡೋಸ್ ಕೀ ಮತ್ತು ಎಕ್ಸ್ ಕೀ ಒಟ್ಟಿಗೆ ಒತ್ತಿ, ಬರುವ ಪಟ್ಟಿಯಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ಆರಿಸಿ. ತೆರೆಯುತ್ತಿದ್ದಂತೆ "ಇನಿಶಿಯಲೈಸ್ ಡಿಸ್ಕ್" ಎಂಬ ಚಿಕ್ಕ ಕಿಟಕಿ ಬಂದರೆ ಅರ್ಧ ಕೆಲಸ ಆಯಿತು. ಎರಡು ಆಯ್ಕೆ ಇರುತ್ತವೆ: ಎಂಬಿಆರ್ ಮತ್ತು ಜಿಪಿಟಿ. ಡಿಸ್ಕಿನಲ್ಲಿ ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆದಿಡುವ ಎರಡು ಪದ್ಧತಿ ಇವು. ಎಂಬಿಆರ್ ಹಳೆಯದು, 2 ಟಿಬಿಯ ಆಚೆ ಅದಕ್ಕೆ ಲೆಕ್ಕ ಬರುವುದಿಲ್ಲ. ಜಿಪಿಟಿ ಆರಿಸಿ.

ಈಗ ಕೆಳಗಿನ ಅರ್ಧ ಪರದೆ ನೋಡಿ. ಡಿಸ್ಕ್ 0, ಡಿಸ್ಕ್ 1 ಎಂದು ಸಾಲುಗಳಿರುತ್ತವೆ. ಹೊಸ ಡಿಸ್ಕಿನ ಸಾಲಿನಲ್ಲಿ ಮೇಲೊಂದು ಕಪ್ಪು ಪಟ್ಟಿ, ಒಳಗೆ "ಅನ್‌ಅಲೊಕೇಟೆಡ್" ಎಂಬ ಪದ. ಅಂದರೆ ಯಾರಿಗೂ ಹಂಚದ ಜಾಗ. ಅದರ ಮೇಲೆ ಬಲ ಕ್ಲಿಕ್ ಮಾಡಿ "ನ್ಯೂ ಸಿಂಪಲ್ ವಾಲ್ಯೂಮ್" ಆರಿಸಿ. ನೆಕ್ಸ್ಟ್ ಒತ್ತುತ್ತಾ ಹೋಗಿ. ಫೈಲ್ ಸಿಸ್ಟಮ್ ಎಂಬಲ್ಲಿ ಎನ್‌ಟಿಎಫ್‌ಎಸ್ ಎಂದೇ ಇರಲಿ, ಕ್ವಿಕ್ ಫಾರ್ಮ್ಯಾಟ್ ಟಿಕ್ ಇರಲಿ. ಮುಗಿದಾಗ ಕಪ್ಪು ಪಟ್ಟಿ ನೀಲಿ ಆಗುತ್ತದೆ. ದಿಸ್ ಪಿಸಿಯಲ್ಲಿ ಹೊಸ ಡ್ರೈವ್ ಬಂದಿರುತ್ತದೆ.

ಎಚ್ಚರ: ಡಿಸ್ಕ್ 0 ಅಂದರೆ ಹಳೆಯದು, 1 ಅಂದರೆ ಹೊಸದು ಅಂತ ಕಣ್ಣು ಮುಚ್ಚಿ ನಂಬಬೇಡಿ. ಹೊಸದು ಹಾಕಿದ ಮೇಲೆ ನಂಬರ್ ಅದಲು ಬದಲಾಗುವುದುಂಟು. ಅಳತೆ ನೋಡಿ ಗುರುತಿಸಿ. ಸಿ ಎಂಬ ಅಕ್ಷರ ಯಾವ ಸಾಲಿನಲ್ಲಿದೆಯೋ ಅದರ ತಂಟೆಗೆ ಹೋಗಬೇಡಿ. ಇನ್ನು ಕೆಲವು ವಿಡಿಯೋಗಳಲ್ಲಿ ಡಿಸ್ಕ್‌ಪಾರ್ಟ್ ಎಂಬ, ಆಜ್ಞೆ ಟೈಪ್ ಮಾಡುವ ಪ್ರೋಗ್ರಾಮ್ ತೆರೆದು "ಕ್ಲೀನ್" ಆಜ್ಞೆ ಹೊಡೆಯಿರಿ ಎನ್ನುತ್ತಾರೆ. ಹೊಸ ಡಿಸ್ಕಿಗೆ ಅದು ಬೇಕಾಗಿಯೇ ಇಲ್ಲ. ತಪ್ಪು ನಂಬರಿನ ಮೇಲೆ ಹೊಡೆದಿರೋ, ವಿಭಾಗಗಳೆಲ್ಲ ಒಂದೇ ಸೆಕೆಂಡಿನಲ್ಲಿ ಅಳಿಸಿಹೋಗುತ್ತವೆ. "ಖಾತ್ರಿ ಇದೆಯಾ" ಅಂತ ಅದು ಒಂದು ಮಾತೂ ಕೇಳುವುದಿಲ್ಲ.

ಇಲ್ಲೇ ಬರುವ ಇನ್ನೆರಡು ಸಣ್ಣ ತೊಡಕು. ಹಳೇ ಡಿಸ್ಕನ್ನು ಕ್ಲೋನ್ ಮಾಡಿ, ಅಂದರೆ ಇದ್ದ ಹಾಗೇ ನಕಲು ಮಾಡಿ, ಎರಡನ್ನೂ ಒಟ್ಟಿಗೆ ಜೋಡಿಸಿಟ್ಟರೆ ಎರಡಕ್ಕೂ ಒಂದೇ ಗುರುತಿನ ಸಂಖ್ಯೆ ಇರುತ್ತದೆ. ಆಗ ವಿಂಡೋಸ್ ಒಂದನ್ನು "ಆಫ್‌ಲೈನ್" ಎಂದು ಪಕ್ಕಕ್ಕೆ ಇಡುತ್ತದೆ. ಎಡಗಡೆಯ ಡಿಸ್ಕ್ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ "ಆನ್‌ಲೈನ್" ಕೊಡಿ. ಎರಡನೆಯದು, ನೀಲಿ ಪಟ್ಟಿ ಇದೆ, ಆದರೆ ಅಕ್ಷರ ಇಲ್ಲ. ಹಾಗಿದ್ದರೆ "ಚೇಂಜ್ ಡ್ರೈವ್ ಲೆಟರ್" ಮೂಲಕ ಒಂದು ಅಕ್ಷರ ಕೊಟ್ಟರೆ ಸಾಕು. ಫಾರ್ಮ್ಯಾಟ್ ಬೇಡ.

512 ಜಿಬಿ ತಂದರೆ 476 ತೋರಿಸುತ್ತದೆ, ಮೋಸ ಆಯಿತಾ ಅಂತಲೂ ಕೇಳುತ್ತಾರೆ. ಇಲ್ಲ. ಕಂಪನಿಯವರು 1000ದ ಲೆಕ್ಕ ಹಾಕುತ್ತಾರೆ, ವಿಂಡೋಸ್ 1024ರ ಲೆಕ್ಕ ಹಾಕುತ್ತದೆ. 256 ಇದ್ದದ್ದು 238, 1 ಟಿಬಿ ಇದ್ದದ್ದು 931 ಎಂದು ತೋರಿದರೆ ಅದು ಸರಿಯೇ.

3. ವಿಂಡೋಸ್ ಹಾಕಲು ಹೋದರೆ ಡಿಸ್ಕೇ ಪಟ್ಟಿಯಲ್ಲಿಲ್ಲ

ಪೆನ್‌ಡ್ರೈವ್‌ನಿಂದ ವಿಂಡೋಸ್ ಹಾಕುತ್ತಿದ್ದೀರಿ. "ಎಲ್ಲಿ ಹಾಕಲಿ" ಎಂದು ಕೇಳುವ ಪುಟದಲ್ಲಿ ಪಟ್ಟಿ ಖಾಲಿ. ಬಯೋಸ್‌ನಲ್ಲಿ ಮಾತ್ರ ಎಸ್‌ಎಸ್‌ಡಿ ಚೆನ್ನಾಗಿ ಕಾಣುತ್ತದೆ. ಇಂಟೆಲ್ 11ನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್ ಆದರೆ ನನ್ನ ಅನುಮಾನ ಸೀದಾ ವಿಎಂಡಿ ಮೇಲೆ.

ವಿಎಂಡಿ ಎಂದರೆ ಡಿಸ್ಕಿಗೂ ವಿಂಡೋಸ್‌ಗೂ ನಡುವೆ ಇಂಟೆಲ್ ನಿಲ್ಲಿಸಿರುವ ಒಬ್ಬ ಮಧ್ಯವರ್ತಿ. ಆ ಮಧ್ಯವರ್ತಿಯ ಭಾಷೆ ವಿಂಡೋಸ್ ಸೆಟಪ್‌ಗೆ ಗೊತ್ತಿರುವುದಿಲ್ಲ. ಆ ಭಾಷೆ ಕಲಿಸುವುದೇ ಡ್ರೈವರ್.

ನಿಮ್ಮ ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟದಲ್ಲಿ ನಿಮ್ಮ ಮಾದರಿಯ ಹೆಸರು ಕೊಟ್ಟು "ಇಂಟೆಲ್ ರಾಪಿಡ್ ಸ್ಟೋರೇಜ್ ಟೆಕ್ನಾಲಜಿ" ಡ್ರೈವರ್ ಇಳಿಸಿಕೊಳ್ಳಿ. ಪೆನ್‌ಡ್ರೈವ್‌ಗೆ ಹಾಕಿ. ಸೆಟಪ್ ಪುಟದಲ್ಲಿ "ಲೋಡ್ ಡ್ರೈವರ್" ಒತ್ತಿ ಆ ಫೋಲ್ಡರ್ ತೋರಿಸಿ. ಡಿಸ್ಕ್ ಪ್ರತ್ಯಕ್ಷವಾಗುತ್ತದೆ. ಬಹಳ ಜನ ಸೋಲುವುದು ಇಲ್ಲೇ: ಇಳಿಸಿದ ಫೈಲ್ ಇಎಕ್ಸ್‌ಇ ಆಗಿದ್ದರೆ ಹಾಗೇ ಇಟ್ಟರೆ ಸೆಟಪ್‌ಗೆ ಅದು ಓದಲು ಬರುವುದಿಲ್ಲ. ಅದನ್ನು ಬಿಡಿಸಿ (ಎಕ್ಸ್‌ಟ್ರಾಕ್ಟ್ ಮಾಡಿ), ಒಳಗಿರುವ ಐಎನ್‌ಎಫ್ ಫೈಲುಗಳ ಫೋಲ್ಡರ್ ನಕಲು ಮಾಡಬೇಕು.

ಇನ್ನೊಂದು ದಾರಿ, ಬಯೋಸ್‌ನಲ್ಲಿ ವಿಎಂಡಿಯನ್ನೇ ಆಫ್ ಮಾಡುವುದು. ಏಸರ್‌ನ ಕೆಲವು ಮಾದರಿಗಳಲ್ಲಿ ಈ ಆಯ್ಕೆ ಅಡಗಿರುತ್ತದೆ. ಮೇನ್ ಪುಟದಲ್ಲಿ ನಿಂತು ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದರೆ ಹೊರಬರುತ್ತದೆ. ಹೊಸದಾಗಿ ವಿಂಡೋಸ್ ಹಾಕುವವರಿಗೆ ಇದು ಸುಲಭ. ಆದರೆ ಇನ್ನೊಂದು ಡಿಸ್ಕಿನಲ್ಲಿ ಆಗಲೇ ವಿಂಡೋಸ್ ಓಡುತ್ತಿದ್ದರೆ ಸುಮ್ನೆ ಮುಟ್ಟಬೇಡಿ. ಆಫ್ ಮಾಡಿದ ಮೇಲೆ ಹಳೇ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲಬಹುದು. ಹಾಗಾದರೆ ಗಾಬರಿ ಬೇಡ, ಮತ್ತೆ ಆನ್ ಮಾಡಿದರೆ ಮೊದಲಿನ ಹಾಗೆ ಏಳುತ್ತದೆ.

ವಿಂಡೋಸ್ 7 ಹಾಕುವ ಹಟದವರಿಗೆ ಒಂದು ಮಾತು. ಅದರ ಮೂಲ ಸೆಟಪ್‌ಗೆ ಎನ್‌ವಿಎಂಇ ಡಿಸ್ಕ್, ಅಂದರೆ 4ನೇ ಹಂತದಲ್ಲಿ ಹೇಳಿರುವ ವೇಗದ ಬಗೆ, ಗೊತ್ತೇ ಇಲ್ಲ. ವಿಂಡೋಸ್ 10ಕ್ಕೂ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 7ರ ಆಸೆ ಬಿಡಿ.

4. ಬಯೋಸ್‌ಗೂ ಕಾಣುತ್ತಿಲ್ಲ: ಜಾತಿ ಕೂಡಿದೆಯಾ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ದುಡ್ಡು ಹೋಗುವುದು ಇಲ್ಲೇ.

ಲ್ಯಾಪ್‌ಟಾಪ್‌ಗೆ ಹಾಕುವ ಎಸ್‌ಎಸ್‌ಡಿಗಳಲ್ಲಿ ನೀವು ಸಾಮಾನ್ಯವಾಗಿ ನೋಡುವುದು ಮೂರು ಬಗೆ. ಮೊದಲನೆಯದು 2.5 ಇಂಚಿನದು. ಹಳೇ ಹಾರ್ಡ್ ಡಿಸ್ಕಿನ ಆಕಾರ, ಚಪ್ಪಟೆ ಡಬ್ಬಿ, 7 ಮಿ.ಮೀ. ದಪ್ಪ. ಇದು ಸಾಟಾ ಎಂಬ ಹಳೇ ದಾರಿಯಲ್ಲಿ ಮಾತಾಡುತ್ತದೆ. ಎರಡನೆಯದು ಎಂ.2 ಸಾಟಾ. ಚೂಯಿಂಗ್ ಗಮ್ ಪಟ್ಟಿಯಂತಹ ಉದ್ದನೆಯ ತೆಳು ಹಲಗೆ, ಆದರೆ ಒಳಗಿನ ದಾರಿ ಅದೇ ಸಾಟಾ. ಮೂರನೆಯದು ಎಂ.2 ಎನ್‌ವಿಎಂಇ. ಹೊರಗಿನಿಂದ ಎರಡನೆಯದರ ಅವಳಿ, ಆದರೆ ಪಿಸಿಐಇ ಎಂಬ ಅಗಲ ದಾರಿಯಲ್ಲಿ ಓಡುತ್ತದೆ. ಸಾಟಾ ಸೆಕೆಂಡಿಗೆ ಸುಮಾರು 550 ಎಂಬಿ ಸಾಗಿಸಿದರೆ, ಸಾಮಾನ್ಯ ಮೂರನೇ ತಲೆಮಾರಿನ ಎನ್‌ವಿಎಂಇ 3500ರ ತನಕ ಹೋಗುತ್ತದೆ.

ಎಂ.2 ಎನ್ನುವುದು ಆಕಾರದ ಹೆಸರು ಮಾತ್ರ. ಒಳಗೆ ಯಾವ ದಾರಿ ಎಂದು ಅದು ಹೇಳುವುದಿಲ್ಲ. ಗೊಂದಲವೆಲ್ಲ ಹುಟ್ಟುವುದು ಇಲ್ಲಿಂದ.

ಚಿನ್ನದ ಬಣ್ಣದ ಹಲ್ಲುಗಳಿರುವ ತುದಿ ನೋಡಿ. ನಡುವೆ ಕಚ್ಚು ಇರುತ್ತದೆ. ಒಂದೇ ಕಚ್ಚು ಇದ್ದರೆ ಬಹುತೇಕ ಎನ್‌ವಿಎಂಇ. ಎರಡು ಕಚ್ಚು ಇದ್ದರೆ ಬಹುತೇಕ ಸಾಟಾ. "ಬಹುತೇಕ" ಅಂತ ಬೇಕೆಂದೇ ಹೇಳಿದ್ದೇನೆ. ಎರಡು ಕಚ್ಚಿನ ಎನ್‌ವಿಎಂಇಗಳೂ ಇವೆ. ಮೇಲಿನ ಚೀಟಿಯಲ್ಲಿ ಏನು ಬರೆದಿದೆ ಎಂಬುದೇ ಕೊನೆಯ ಮಾತು.

ಎರಡು ಕಚ್ಚಿನ ಸಾಟಾ ಹಲಗೆ ಎನ್‌ವಿಎಂಇ ಸ್ಲಾಟಿನಲ್ಲೂ ಸಲೀಸಾಗಿ ಕೂರುತ್ತದೆ. ಸ್ಕ್ರೂ ಕೂಡ ಬೀಳುತ್ತದೆ. ಆದರೆ ಆ ಸ್ಲಾಟಿಗೆ ಸಾಟಾ ತಂತಿ ಎಳೆದಿರದಿದ್ದರೆ ಬಯೋಸ್‌ಗೆ ಅಲ್ಲಿ ಏನೂ ಇಲ್ಲ. ಒಮ್ಮೆ ನಾನೇ ಹೀಗೆ ಒಂದು ಸಂಜೆ ಪೂರ್ತಿ ಕಳೆದಿದ್ದೇನೆ. ಕೊಟ್ಟವರು "ಎಲ್ಲಾ ಒಂದ ಐತ್ರಿ, ಹಾಕ್ರಿ" ಎಂದಿದ್ದರು, ನಾನೂ ಚೀಟಿ ಓದದೆ ಹಾಕಿದ್ದೆ. ನಾಲ್ಕು ಸಲ ಬಿಚ್ಚಿ ಜೋಡಿಸಿದ ಮೇಲೆ ಚೀಟಿ ಓದಿದೆ.

ಹಾಗಾದರೆ ನಿಮ್ಮ ಸ್ಲಾಟ್ ಯಾವುದು? ಲ್ಯಾಪ್‌ಟಾಪಿನ ಪೂರ್ತಿ ಮಾದರಿ ಸಂಖ್ಯೆ ಕೆಳಗಿನ ಸ್ಟಿಕರ್‌ನಲ್ಲಿರುತ್ತದೆ. "15 ಇಂಚಿನ ಕಪ್ಪು ಡೆಲ್" ಎಂದರೆ ಸಾಲದು. ಆ ಸಂಖ್ಯೆಯ ಜೊತೆ "ಮೇಂಟೆನೆನ್ಸ್ ಮ್ಯಾನ್ಯುಯಲ್" ಅಥವಾ "ಸರ್ವಿಸ್ ಮ್ಯಾನ್ಯುಯಲ್" ಎಂದು ಹುಡುಕಿ. ಸ್ಟೋರೇಜ್ ಭಾಗದಲ್ಲಿ ಪಿಸಿಐಇ ಎಂದಿದೆಯೋ, ಸಾಟಾ ಎಂದಿದೆಯೋ, ಎರಡೂ ಇದೆಯೋ ನೋಡಿ.

ಉದ್ದವನ್ನೂ ನೋಡಿ. 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. 2242, 2230 ಎಂಬ ಗಿಡ್ಡವೂ ಇವೆ. ಇನ್ನು ಖಾಲಿ ಕಂಡ ಸಣ್ಣ ಸ್ಲಾಟ್‌ಗೆಲ್ಲ ಎಸ್‌ಎಸ್‌ಡಿ ತುರುಕಲು ಹೋಗಬೇಡಿ. ಅದು ವೈಫೈ ಕಾರ್ಡಿನದೋ ಸಿಮ್ ಮೋಡೆಮಿನದೋ ಆಗಿರಬಹುದು. ಕಚ್ಚು ಹೊಂದದಿದ್ದರೆ ಒತ್ತಬೇಡಿ.

ಅನೇಕರು ಹೆದರುವ ಆದರೆ ಹೆದರಬೇಕಿಲ್ಲದ ವಿಷಯ: ನಾಲ್ಕನೇ ತಲೆಮಾರಿನ ಎನ್‌ವಿಎಂಇಯನ್ನು ಮೂರನೇ ತಲೆಮಾರಿನ ಸ್ಲಾಟಿಗೆ ಹಾಕಿದರೆ ನಡೆಯುತ್ತದೆ. ವೇಗ ಕಡಿಮೆ ಆಗುತ್ತದೆ, ಅಷ್ಟೇ.

5. ಬಿಚ್ಚಿ ಮತ್ತೆ ಕೂರಿಸಿ

ಜಾತಿ ಸರಿಯಿದೆ ಎಂದಾದರೆ ಕೂತಿರುವ ರೀತಿಯ ಮೇಲೆ ಅನುಮಾನ. ಲ್ಯಾಪ್‌ಟಾಪ್ ಪೂರ್ತಿ ಶಟ್‌ಡೌನ್ ಮಾಡಿ. ಸ್ಲೀಪ್ ಅಲ್ಲ. ಚಾರ್ಜರ್ ಕಿತ್ತಿಡಿ. ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡಿಯಿರಿ.

ಕಿಟಕಿಯ ಕಬ್ಬಿಣದ ಸರಳನ್ನು ಒಮ್ಮೆ ಮುಟ್ಟಿ. ಜನವರಿ, ಫೆಬ್ರವರಿಯ ಒಣ ಗಾಳಿಯಲ್ಲಿ ಸ್ವೆಟರ್ ತೆಗೆದರೆ ಚಟಪಟ ಅನ್ನುತ್ತದಲ್ವಾ, ಆ ಕಿಡಿ ಚಿಪ್ಪಿಗೆ ಒಳ್ಳೆಯದಲ್ಲ. ಕಂಬಳಿ, ಹಾಸಿಗೆಯ ಮೇಲೆ ಈ ಕೆಲಸ ಬೇಡ. ಮಿರ್ಚಿ, ಗಿರಮಿಟ್ ತಿಂದು ಬಂದಿದ್ದರೆ ಕೈ ತೊಳೆದು ಒರೆಸಿಕೊಳ್ಳಿ. ಚಿನ್ನದ ಹಲ್ಲಿನ ಮೇಲೆ ಎಣ್ಣೆಯ ಬೆರಳು ಬೀಳಬಾರದು.

ಮುಚ್ಚಳದ ಸ್ಕ್ರೂಗಳು ಒಂದೇ ಉದ್ದ ಇರುವುದಿಲ್ಲ. ಬಿಚ್ಚುವ ಮುಂಚೆ ಫೋಟೋ ತೆಗೆದುಕೊಳ್ಳಿ. ಉದ್ದದ ಸ್ಕ್ರೂ ಗಿಡ್ಡದ ಜಾಗಕ್ಕೆ ಹೋದರೆ ಮೇಲಿನ ಪ್ಲಾಸ್ಟಿಕ್ಕೇ ಉಬ್ಬುತ್ತದೆ. ರಬ್ಬರ್ ಪಾದದ ಕೆಳಗೂ ಸ್ಕ್ರೂ ಅಡಗಿರಬಹುದು. ಮುಚ್ಚಳ ಬಾರದಿದ್ದರೆ ಜೋರು ಮಾಡಬೇಡಿ, ಮೊದಲು ಅಲ್ಲಿ ನೋಡಿ. ತೆರೆದ ತಕ್ಷಣ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ತಂತಿ ಹಿಡಿದು ಎಳೆಯಬಾರದು. ಕನೆಕ್ಟರ್ ಅಂಚನ್ನು ಉಗುರಿನಿಂದ ಆಚೀಚೆ ಸರಿಸುತ್ತಾ ತೆಗೆಯಬೇಕು.

ಈಗ ಎಂ.2 ಹಲಗೆ. ಸ್ಕ್ರೂ ಬಿಚ್ಚಿದರೆ ಆ ತುದಿ ತಾನಾಗಿ ಮೇಲೆದ್ದು ಓರೆಯಾಗಿ ನಿಲ್ಲುತ್ತದೆ. ಹೊರಗೆ ಎಳೆಯಿರಿ. ಸ್ಲಾಟಿನೊಳಗೆ ಇಣುಕಿ. ಗದಗ, ನವಲಗುಂದದ ಕಡೆ ಎರಿ ಮಣ್ಣಿನ ಧೂಳು ಹಿಟ್ಟಿನಷ್ಟು ನುಣ್ಣಗಿರುತ್ತದೆ, ಎಲ್ಲಿ ಬೇಕಾದರೂ ನುಗ್ಗುತ್ತದೆ. ಮೆತ್ತನೆಯ ಒಣ ಬ್ರಷ್ ಆಡಿಸಿದರೆ ಸಾಕು. ಗ್ಯಾರೇಜಿಗೆ ಹೋಗಿ ಕಂಪ್ರೆಸರ್ ಗಾಳಿ ಹೊಡೆಸಬೇಡಿ, ಅದರಲ್ಲಿ ನೀರಿನ ಹನಿ ಬರುತ್ತದೆ. ಬಾಯಿಂದ ಊದುವುದೂ ಬೇಡ.

ಮತ್ತೆ ಹಾಕುವಾಗ ಮಲಗಿಸಿ ಹಾಕಬಾರದು. ಸುಮಾರು 30 ಡಿಗ್ರಿ ಓರೆ ಹಿಡಿದು ಒಳಗೆ ತಳ್ಳಿ. ಸ್ವಲ್ಪ ಬಿಗಿ ಅನಿಸುತ್ತದೆ, ಆಮೇಲೆ ಒಳಗೆ ಇಳಿದದ್ದು ಬೆರಳಿಗೇ ಗೊತ್ತಾಗುತ್ತದೆ. ಹಲ್ಲುಗಳ ಚಿನ್ನದ ಗೆರೆ ಸಣ್ಣದಾಗಿ, ಎರಡೂ ಕಡೆ ಸಮವಾಗಿ ಉಳಿಯಬೇಕು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಕಂಡರೆ ಸೊಟ್ಟ ಕೂತಿದೆ ಎಂದೇ ಅರ್ಥ. "ಹಾಕೇನ್ರಿ" ಎಂದವರಲ್ಲಿ ಹಲವರ ತಪ್ಪು ಈ ಒಂದು ಮಿಲಿಮೀಟರಿನದು. ಆಮೇಲೆ ಕೆಳಗೆ ಒತ್ತಿ ಸ್ಕ್ರೂ ಹಾಕಿ.

ಆ ಸ್ಕ್ರೂ ಬಗ್ಗೆ. ಕಡಲೆಬೇಳೆಗಿಂತ ಚಿಕ್ಕದು. ಹೊಸ ಎಸ್‌ಎಸ್‌ಡಿ ಡಬ್ಬಿಯಲ್ಲಿ ಅನೇಕ ಸಲ ಇರುವುದಿಲ್ಲ, ಲ್ಯಾಪ್‌ಟಾಪಿನ ಖಾಲಿ ಸ್ಲಾಟಿನಲ್ಲೂ ಇರುವುದಿಲ್ಲ. ಆಗ ಜನ ಟೇಪ್ ಅಂಟಿಸುತ್ತಾರೆ. ಬಿಸಿಯಾದಾಗ ಟೇಪ್ ಸಡಿಲಾಗುತ್ತದೆ, ತುದಿ ಏಳುತ್ತದೆ, ಡಿಸ್ಕ್ ಮಾಯ. "ಒಮ್ಮೊಮ್ಮೆ ತೋರಿಸ್ತದ, ಒಮ್ಮೊಮ್ಮೆ ಇಲ್ಲ" ಎನ್ನುವವರು ಮೊದಲು ಈ ಸ್ಕ್ರೂ ನೋಡಿ. ಎಂ2 ಅಳತೆಯ (2 ಮಿ.ಮೀ. ದಪ್ಪದ) 3 ಮಿ.ಮೀ. ಉದ್ದದ ಸ್ಕ್ರೂ ಸಾಮಾನ್ಯವಾಗಿ ಹೊಂದುತ್ತದೆ, ಲ್ಯಾಪ್‌ಟಾಪ್ ರಿಪೇರಿ ಮಾಡುವವರಲ್ಲಿ ಸಿಗುತ್ತದೆ.

ಎಸ್‌ಎಸ್‌ಡಿ ಮೇಲಿನ ಚೀಟಿ ಕೀಳಬೇಡಿ. ತಣ್ಣಗಿರುತ್ತದೆ ಅಂತ ಯಾರೋ ಹೇಳಿದರೂ ಬೇಡ. ವಾರಂಟಿ ಹೋಗುತ್ತದೆ.

2.5 ಇಂಚಿನದಾದರೆ ನೋಡಬೇಕಾದ್ದು ಕೇಬಲ್. ಕಡಿಮೆ ಬೆಲೆಯ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಜಾಗ ಬಿಟ್ಟಿರುತ್ತಾರೆ, ಆದರೆ ಬೋರ್ಡಿನಿಂದ ಅಲ್ಲಿಗೆ ಬರುವ ಚಪ್ಪಟೆ ಕೇಬಲ್ ಕೊಟ್ಟಿರುವುದಿಲ್ಲ. ಅದನ್ನು ಮಾದರಿ ಸಂಖ್ಯೆ ಹೇಳಿ ಬೇರೆ ಕೊಳ್ಳಬೇಕು. ಕೇಬಲ್ ಇದ್ದರೆ ಬೋರ್ಡಿನ ಕಡೆಯ ಪುಟ್ಟ ಲಾಕ್ ಎತ್ತಿ, ಕೇಬಲ್ ನೇರ ಸೇರಿಸಿ, ಲಾಕ್ ಒತ್ತಿ. ಡಿವಿಡಿ ಡ್ರೈವ್ ತೆಗೆದು ಅಲ್ಲಿ ಕ್ಯಾಡಿ ಹಾಕಿದವರೇ, ಅಂದರೆ ಡಿಸ್ಕ್ ಕೂರಿಸುವ ತಟ್ಟೆ ಹಾಕಿದವರೇ, ಆ ತಟ್ಟೆಯ ಬದಿಯಲ್ಲಿ ಸಣ್ಣ ಸ್ವಿಚ್ ಇದೆಯಾ ನೋಡಿ. ಇದ್ದರೆ ಅದನ್ನು ಇನ್ನೊಂದು ಕಡೆಗೆ ಸರಿಸಿ ಮತ್ತೆ ಪ್ರಯತ್ನಿಸಿ.

6. ಬಯೋಸ್ ಸೆಟ್ಟಿಂಗ್

ಇನ್ನೂ ಕಾಣದಿದ್ದರೆ ಬಯೋಸ್‌ನಲ್ಲಿ ಆ ಪೋರ್ಟ್, ಅಂದರೆ ಡಿಸ್ಕ್ ಜೋಡಿಸಿದ ಜಾಗ, "ಡಿಸೇಬಲ್ಡ್" ಆಗಿದೆಯಾ ನೋಡಿ. ಡೆಲ್‌ನಲ್ಲಿ ಡ್ರೈವ್ಸ್ ಎಂಬ ಪಟ್ಟಿಯೇ ಇರುತ್ತದೆ. ಗೊತ್ತಾಗದಿದ್ದರೆ "ಲೋಡ್ ಡಿಫಾಲ್ಟ್ಸ್" ಕೊಡಬಹುದು. ಅದಕ್ಕೂ ಮುಂಚೆ ಪ್ರತಿ ಪುಟದ ಫೋಟೋ ತೆಗೆದಿಡಿ. ಸಾಟಾ ಮೋಡ್, ಅಂದರೆ ಡಿಸ್ಕಿನ ಜೊತೆ ಮಾತಾಡುವ ರೀತಿ, ಎಎಚ್‌ಸಿಐ ಇತ್ತೋ, ರೇಡ್ ಇತ್ತೋ ಎಂಬುದು ಆಮೇಲೆ ಬೇಕಾಗುತ್ತದೆ. ಅದು ಬದಲಾದರೂ ಹಳೇ ವಿಂಡೋಸ್ ಏಳದಿರಬಹುದು. ಕೆಲವು ಮಾದರಿಗಳಲ್ಲಿ ಎರಡು ಸ್ಲಾಟ್ ಒಂದೇ ದಾರಿಯನ್ನು ಹಂಚಿಕೊಂಡಿರುತ್ತವೆ. ಒಂದನ್ನು ತುಂಬಿದರೆ ಇನ್ನೊಂದು ಬಂದ್. ಇದೂ ಮ್ಯಾನ್ಯುಯಲ್‌ನಲ್ಲೇ ಬರೆದಿರುತ್ತದೆ.

ಬಯೋಸ್ ಅಪ್‌ಡೇಟ್ ಮಾಡಿದರೆ ಕೆಲವು ಎಸ್‌ಎಸ್‌ಡಿಗಳು ಕಾಣತೊಡಗುತ್ತವೆ. ಆದರೆ ನಾನು ಇದನ್ನು ಕೊನೆಗೆ ಇಡುತ್ತೇನೆ. ನಡುವೆ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಆಫ್ ಆದರೆ ಬೋರ್ಡೇ ಸತ್ತುಹೋಗಬಹುದು. ಬ್ಯಾಟರಿ ಚೆನ್ನಾಗಿ ತುಂಬಿರಬೇಕು, ಚಾರ್ಜರೂ ಹಾಕಿರಬೇಕು. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಗುಡುಗು, ಮಳೆಯ ಸಂಜೆಯಂತೂ ಬೇಡವೇ ಬೇಡ.

7. ಅದಲು ಬದಲು ಮಾಡಿ ನೋಡಿ

ಈಗ ತೀರ್ಮಾನದ ಪರೀಕ್ಷೆ. ಹೊಸ ಎಸ್‌ಎಸ್‌ಡಿಯನ್ನು ಅದೇ ಜಾತಿಯ ಸ್ಲಾಟ್ ಇರುವ ಗೆಳೆಯನ ಲ್ಯಾಪ್‌ಟಾಪಿಗೆ ಹಾಕಿ. ಇಲ್ಲವೇ ಯುಎಸ್‌ಬಿ ಎನ್‌ಕ್ಲೋಷರ್‌ಗೆ ಹಾಕಿ, ಅಂದರೆ ಡಿಸ್ಕನ್ನು ಪೆನ್‌ಡ್ರೈವ್‌ನಂತೆ ಬಳಸುವ ಡಬ್ಬಿಗೆ. ಇಲ್ಲೂ ಜಾತಿಯ ತಕರಾರು ಇದೆ. ಸಾಟಾ ಡಬ್ಬಿ ಎನ್‌ವಿಎಂಇಯನ್ನು ಓದುವುದಿಲ್ಲ. ಎರಡನ್ನೂ ಓದುವ ಡಬ್ಬಿಗಳು ಸಿಗುತ್ತವೆ, ಬೆಲೆ ತುಸು ಜಾಸ್ತಿ.

ಬೇರೆ ಕಡೆ ಕಂಡರೆ ಎಸ್‌ಎಸ್‌ಡಿ ಸರಿ, ತೊಂದರೆ ನಿಮ್ಮ ಸ್ಲಾಟಿನದು. ಕೆಲಸ ಮಾಡುತ್ತಿದೆ ಎಂದು ಗೊತ್ತಿರುವ ಇನ್ನೊಂದು ಡಿಸ್ಕನ್ನು ನಿಮ್ಮ ಸ್ಲಾಟಿಗೆ ಹಾಕಿ ಇದನ್ನು ಖಾತ್ರಿ ಮಾಡಿಕೊಳ್ಳಿ. ಎಲ್ಲಿ ಹಾಕಿದರೂ ಕಾಣದಿದ್ದರೆ ಮಾತ್ರ "ಪೀಸ್ ಕೆಟ್ಟೈತಿ" ಎನ್ನಬಹುದು. ಆಗ ತಡ ಮಾಡಬೇಡಿ. ಆನ್‌ಲೈನ್‌ನಲ್ಲಿ ತರಿಸಿದ್ದರೆ ವಾಪಸ್ ಪಡೆಯುವ ಅವಧಿ ಮುಗಿಯುವುದರೊಳಗೆ ಅರ್ಜಿ ಹಾಕಿ. ಅದು ಮುಗಿದಿದ್ದರೂ ತಯಾರಕರ ವಾರಂಟಿ ಇರುತ್ತದೆ. ಬಿಲ್ ಮತ್ತು ಚೀಟಿಯ ಮೇಲಿನ ಸೀರಿಯಲ್ ನಂಬರ್ ಬೇಕಾಗುತ್ತದೆ.

ಅಂಗಡಿಗೆ ಹೋಗುವುದಾದರೆ

ಧಾರವಾಡದಿಂದ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಗೆ ಬಂದು, ಲ್ಯಾಪ್‌ಟಾಪ್ ಚಾರ್ಜರ್ ಮರೆತು ವಾಪಸ್ ಹೋದವರನ್ನು ನೋಡಿದ್ದೇನೆ. ಲ್ಯಾಪ್‌ಟಾಪ್, ಚಾರ್ಜರ್, ಎಸ್‌ಎಸ್‌ಡಿಯ ಡಬ್ಬಿ, ಬಿಲ್, ಬಿಟ್‌ಲಾಕರ್ ಕೀ ಬರೆದ ಹಾಳೆ, ಇಷ್ಟು ಚೀಲದಲ್ಲಿರಲಿ. "ತೋರಿಸವಲ್ದು" ಎಂದಷ್ಟೇ ಹೇಳಬೇಡಿ. "ಬಯೋಸ್‌ದಾಗ ಕಾಣಸ್ತದ, ವಿಂಡೋಸ್ ಸೆಟಪ್‌ದಾಗ ಇಲ್ರಿ" ಅಥವಾ "ಬಯೋಸ್‌ದಾಗೂ ಇಲ್ರಿ, ಬ್ಯಾರೆ ಲ್ಯಾಪ್‌ಟಾಪ್‌ದಾಗ ಬರ್ತದ" ಎಂದು ಹೇಳಿ. ಆಗ ಅವರೂ ಸೀದಾ ಕೆಲಸಕ್ಕೆ ಇಳಿಯುತ್ತಾರೆ, ಸುಮ್ನೆ ಫಾರ್ಮ್ಯಾಟ್ ಹೊಡೆಯುವ ಮಾತು ಬರುವುದಿಲ್ಲ. ನಿಮ್ಮ ಎದುರಿಗೇ ಬಿಚ್ಚಲು ಹೇಳಿ. ಹಳೇ ಡಿಸ್ಕ್ ತೆಗೆದರೆ ಅದನ್ನೂ ಅದರ ಸ್ಕ್ರೂವನ್ನೂ ಕೇಳಿ ಇಸಿದುಕೊಳ್ಳಿ.